ರೊಟ್ಟಿ ಮುರಿಯುವ ಸಪ್ಪಳ

ಖಾನಾವಳಿಯಲ್ಲಿ ಪಕ್ಕದ ಟೇಬಲಿನವರು ಖಡಕ್ ರೊಟ್ಟಿ ಮುರಿದರೆ ನನ್ನ ತಲೆ ತಾನಾಗಿ ಬಾಗುತ್ತದೆ. ಕಣ್ಣೂ ಅರ್ಧ ಮುಚ್ಚುತ್ತದೆ. ಹೊಸಪೇಟೆಯಲ್ಲಿ ನಾನು ದಿನವೂ ಉಣ್ಣುವ ಖಾನಾವಳಿಯವರು ಇದನ್ನು ನೋಡಿ ನೋಡಿ, ಈ ಹುಡುಗನಿಗೆ ಬಿಪಿ ಇದೆ ಎಂದು ತೀರ್ಮಾನಿಸಿ, ಕೇಳದೆಯೇ ಒಂದು ಲೋಟ ಮಜ್ಜಿಗೆ ತಂದಿಡುತ್ತಾರೆ. ನಾನು ಬೇಡ ಎನ್ನುವುದಿಲ್ಲ. ಭಕ್ತಿಯಿಂದ ನನಗೆ ಈವರೆಗೆ ಆಗಿರುವ ನೇರ ಲಾಭ ಈ ಮಜ್ಜಿಗೆ ಒಂದೇ.

ತಲೆ ಬಾಗುವುದಕ್ಕೆ ಕಾರಣವಿದೆ. ನಾವು ಕ್ರೈಸ್ತರು. ಯೇಸುಸ್ವಾಮಿ ತಮ್ಮ ಕೊನೆಯ ಊಟದಲ್ಲಿ ರೊಟ್ಟಿ ಮುರಿದು ಶಿಷ್ಯರಿಗೆ ಹಂಚಿದರಲ್ಲ, ಅದನ್ನು ನೆನೆದು ನಾವೂ ತಿಂಗಳ ಮೊದಲನೆಯ ಭಾನುವಾರ ಹಂಚಿಕೊಂಡು ತಿನ್ನುತ್ತೇವೆ. ಬೇರೆ ಊರುಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ನಮ್ಮಲ್ಲಿ ಬರೀ 'ರೊಟ್ಟಿ ಮುರಿಯೋದು'. ಯಾರೋ ಹಿಂದಿನವರು ಕನ್ನಡಕ್ಕೆ ತರುವಾಗ ರೊಟ್ಟಿ ಎಂದು ಬರೆದುಬಿಟ್ಟರು. ಅವರ ಮನಸ್ಸಿನಲ್ಲಿ ಯಾವ ರೊಟ್ಟಿ ಇತ್ತೋ ಗೊತ್ತಿಲ್ಲ. ನಮ್ಮ ಕಡೆಯವರು ಓದಿದ್ದು ಜೋಳದ ರೊಟ್ಟಿ ಎಂದೇ. ನೀವೇ ಯೋಚಿಸಿ. ಬ್ರೆಡ್ಡು ಮುರಿಯುವುದಿಲ್ಲ, ಹರಿಯುತ್ತದೆ. ಚಪಾತಿಯೂ ಹರಿಯುತ್ತದೆ. ಜಗತ್ತಿನಲ್ಲಿ ನಿಜವಾಗಿ ಮುರಿಯುವ ರೊಟ್ಟಿ ಒಂದೇ, ಅದು ನಮ್ಮ ಖಡಕ್ ರೊಟ್ಟಿ. ಹೀಗಾಗಿ ಹನ್ನೆರಡು ವರ್ಷದವನಾಗುವವರೆಗೂ ನಾನು ಯೇಸುಸ್ವಾಮಿ ಕೊಟ್ಟೂರು ಕಡೆಯವರಿರಬೇಕು ಎಂದುಕೊಂಡಿದ್ದೆ. ಶೇಂಗಾ ಚಟ್ನಿಯ ಮಾತು ಎಲ್ಲೂ ಬರುವುದಿಲ್ಲವಲ್ಲ ಎಂಬುದೊಂದೇ ನನಗಿದ್ದ ಧಾರ್ಮಿಕ ಸಂಶಯ.

ನಮ್ಮದು ಮರಿಯಮ್ಮನಹಳ್ಳಿ. ಹೈವೇ ಪಕ್ಕಕ್ಕೆ ಅಪ್ಪನದು ತಾಡಪತ್ರಿ ಹೊಲಿಯುವ ಶೆಡ್ಡು. ಸಂಡೂರಿನ ಗುಡ್ಡದಿಂದ ಅದಿರು ತುಂಬಿಕೊಂಡು ಬರುವ ಲಾರಿಗಳಿಗೆ ಹೊದಿಸುವ ತಾಡಪತ್ರಿ ಹರಿದರೆ ಅಪ್ಪನ ಹತ್ತಿರ ಬರುತ್ತದೆ. ಅಪ್ಪನ ಹೆಸರು ಸಮುವೇಲಪ್ಪ. ಕೆಲಸವಿಡೀ ಮೊಣಕಾಲೂರಿ ಕೂತು ಮಾಡುವಂಥದ್ದು. ಹೀಗಾಗಿ ಭಾನುವಾರ ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರಿದರೆ ಅಪ್ಪ ಮಾತ್ರ ಕುರ್ಚಿ ಹಾಕಿಸಿಕೊಂಡು ಕೂಡುತ್ತಾರೆ. "ವಾರಪೂರ್ತಿ ಊರೀನಿ, ದೇವ್ರಿಗೆ ಲೆಕ್ಕ ಗೊತ್ತೈತಿ" ಎನ್ನುತ್ತಾರೆ.

ಆ ಶೆಡ್ಡೇ ನಮ್ಮ ದೇವಾಲಯವೂ ಆಗಿತ್ತು. ಹನ್ನೊಂದು ಮನೆಯವರು ಭಾನುವಾರ ಅಲ್ಲಿ ಸೇರುತ್ತಿದ್ದೆವು. ಮಡಿಚಿಟ್ಟ ತಾಡಪತ್ರಿಗಳೇ ಜಮಖಾನೆ. ಡೀಸೆಲ್ಲು, ಮೇಣ, ಬಿಸಿಲು ಮೂರೂ ಕೂಡಿದ ಒಂದು ವಾಸನೆ ಇತ್ತು. ಇವತ್ತಿಗೂ ನನಗೆ ಸ್ವರ್ಗದ ವಾಸನೆ ಅಂದರೆ ಅದೇ. ಹೊರಗೆ ಲಾರಿ ಹೋದಾಗಲೆಲ್ಲ ಕೆಂಪು ಧೂಳು ಒಳಗೆ ಬಂದು ಕೂಡುತ್ತಿತ್ತು. ಬಿಳಿ ಅಂಗಿ ಹಾಕಿಕೊಂಡು ಬಂದ ಹಿರಿಯರು ಕೊನೆಯ ಹಾಡಿನ ಹೊತ್ತಿಗೆ ಬೇರಾವುದೋ ಮಠದವರಾಗಿ ಎದ್ದು ಹೋಗುತ್ತಿದ್ದರು.

ನಮ್ಮ ಮಂದಿ ಚರ್ಚ್ ಎನ್ನುವುದಕ್ಕೆ ಸಭೆ ಎನ್ನುತ್ತಾರೆ. ಇದೂ ಹಿಂದಿನವರು ಕೊಟ್ಟ ಶಬ್ದವೇ. ಕಟ್ಟಡವಲ್ಲ, ಕೂಡಿದ ಜನ ಎಂದು ಅರ್ಥ. ಅರ್ಥ ಚೆನ್ನಾಗಿದೆ, ಹೊರಗಿನವರಿಗೆ ತಿಳಿಯುವುದಿಲ್ಲ ಅಷ್ಟೇ. ಒಮ್ಮೆ ಅಪ್ಪ ಉಳಿದ ತಾಡಪತ್ರಿ ತುಂಡಿನ ಮೇಲೆ 'ಸಭೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಎಲ್ಲರೂ ಬರಬೇಕು' ಎಂದು ಬಣ್ಣದಲ್ಲಿ ಬರೆದು ರಸ್ತೆಗೆ ಕಾಣುವಂತೆ ಕಟ್ಟಿದರು. ಆ ವಾರ ಮೂವರು ಅದಿರು ಲಾರಿ ಡ್ರೈವರುಗಳು ಲಾರಿ ಸೈಡಿಗೆ ಹಾಕಿ ಒಳಗೆ ಬಂದು ಹಿಂದೆ ಕೂತರು. ನಮಗೆಲ್ಲ ಪುಳಕ. ಪ್ರಾರ್ಥನೆ ಎರಡು ಹೆಚ್ಚಾದವು. ಹಾಡು ಮೂರು ಹೆಚ್ಚಾದವು. ಅವರು ಅಲುಗಾಡದೆ ಕೂತಿದ್ದರು. ಎಲ್ಲ ಮುಗಿದ ಮೇಲೆ ಅವರಲ್ಲಿ ದೊಡ್ಡವನಾದ ಚೋರನೂರಿನ ಹನುಮಂತಣ್ಣ ಎದ್ದು ನಿಂತು ಕೈಮುಗಿದು ಕೇಳಿದ.

"ಎಲ್ಲಾ ಚಲೋ ಆತ್ರಿ. ಲೋಡಿಂಗ್ ಪಾಳಿ ವಿಷಯ ಯಾವಾಗ ತಗೋತೀರಿ?"

ಗುಡ್ಡದ ಮೇಲೆ ಯಾರ ಲಾರಿ ಮೊದಲು ತುಂಬಬೇಕು ಎಂಬ ಜಗಳ ಆಗ ಜೋರಾಗಿತ್ತು. ಡ್ರೈವರುಗಳ ಸಭೆ ಇದೇ ಎಂದುಕೊಂಡು ಅವರು ಎರಡೂವರೆ ತಾಸು ದೇವರನ್ನು ಸಹಿಸಿಕೊಂಡಿದ್ದರು. ಉಳಿದಿಬ್ಬರು ಮತ್ತೆ ಬರಲಿಲ್ಲ. ಹನುಮಂತಣ್ಣ ಮಾತ್ರ ಬಿಡಲಿಲ್ಲ. ಅವನ ಮನೆದೇವರು ಅವನಿಗೆ, ನಮ್ಮ ದೇವರು ನಮಗೆ. ಆದರೆ ಆರಾಧನೆ ಮುಗಿದ ಮೇಲೆ ಬಡಿಸುತ್ತಿದ್ದ ರೊಟ್ಟಿ, ಬದನೆಕಾಯಿ ಪಲ್ಯ ಎಲ್ಲರಿಗೂ ಸೇರಿದ್ದು. ಪಾಳಿ ಸಿಕ್ಕ ಭಾನುವಾರಗಳಲ್ಲಿ ಅವನು ಸರಿಯಾಗಿ ಕೊನೆಯ ಹಾಡಿಗೆ ಬರುತ್ತಾನೆ. ಇವತ್ತಿಗೂ.

ಆ ರೊಟ್ಟಿ ಕರುಣವ್ವಂದು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡು ಶೆಡ್ಡಿನ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದ ವಿಧವೆ. ನಮಗೆ ಬಂಧುವಲ್ಲ, ಆದರೆ ನನಗೆ ದೊಡ್ಡವ್ವ. ರೊಟ್ಟಿ ಮುರಿಯುವ ಭಾನುವಾರಕ್ಕೆ ಶನಿವಾರ ಮಧ್ಯಾಹ್ನವೇ ಬಡಿದು, ಬೇಯಿಸಿ, ಒಲೆಯ ಪಕ್ಕಕ್ಕೆ ನಿಲ್ಲಿಸಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದಳು. ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದವಳೂ ಅವಳೇ. ಮೊದಲಿನ ಕಾಲದ ಕ್ರೈಸ್ತರ ವಿಷಯ ನನಗೆ ತಿಳಿದದ್ದೆಲ್ಲ ಅವಳ ಬಾಯಿಂದ. ಪೌಲ ಎಂಬ ದೊಡ್ಡವರು ಗುಡಾರ ಮಾಡುವ ಕೆಲಸದವರಾಗಿದ್ದರು ಎಂದಾಗ ನಾನು ಗುಡಾರ ಅಂದರೇನು ಎಂದು ಕೇಳಿದೆ.

"ನಿಮ್ಮಪ್ಪ ಮಾಡೋದಲೇ. ತಾಡಪತ್ರಿ."

ಅಲ್ಲಿಗೆ ಇಡೀ ಮೊದಲಿನ ಸಭೆ ನಮ್ಮ ಶೆಡ್ಡಿಗೆ ಬಂದು ಕೂತಿತು. ಪೌಲನ ಕೈಯಲ್ಲಿ ಅಪ್ಪನ ದಬ್ಬಣ ಬಂತು. ಬೆಲೆಬಾಳುವ ಬಟ್ಟೆ ಮಾರುತ್ತಿದ್ದ, ತನ್ನ ಮನೆಯಲ್ಲೇ ಜನರನ್ನು ಕೂಡಿಸುತ್ತಿದ್ದ ಲುದ್ಯಳು ಕರುಣವ್ವನ ಪ್ರಕಾರ "ಸೀರಿ ಅಂಗಡಿ ಸಾಹುಕಾರ್ತಿ". ಪೌಲ ಮಾತಾಡಿದ್ದು ಭಾಳ ಉದ್ದವಾಗಿ ಕಿಟಕಿಯಲ್ಲಿ ಕೂತ ಹುಡುಗ ನಿದ್ದೆಹೋಗಿ ಕೆಳಗೆ ಬಿದ್ದ ಕಥೆಯನ್ನು ಆಕೆ ಎಷ್ಟು ಸಲ ಹೇಳಿದಳೋ. ನಮ್ಮ ಶೆಡ್ಡಿಗೆ ಕಿಟಕಿ ಇರಲಿಲ್ಲ, ಹೀಗಾಗಿ ನಾವು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದೆವು. ಅಪ್ಪನಿಗೆ ಈ ತಾಡಪತ್ರಿ ಸಂಬಂಧ ತಿಳಿದ ಮೇಲೆ ಅವರು ಪೌಲನ ಬಗ್ಗೆ ಮಾತಾಡುವ ರೀತಿಯೇ ಬದಲಾಯಿತು. ಒಂದೇ ಅಂಗಡಿಯಲ್ಲಿ ಕೆಲಸ ಕಲಿತವರ ಹಾಗೆ, "ನಮ್ಮ ಪೌಲ" ಎನ್ನತೊಡಗಿದರು.

ಈಗ ನನ್ನ ವಿಷಯ. ನಾನು ಇನ್ನೊಬ್ಬರ ದನಿ ಮಾಡುವವನು. ಮೊದಲು ಕೋಳಿ, ಆಮೇಲೆ ಲಾರಿಯ ರಿವರ್ಸ್ ಹಾರ್ನು, ಆಮೇಲೆ ಹೆಡ್‌ಮಾಸ್ತರು. ಸದ್ಯ ಹಂಪಿಯಲ್ಲಿ ಗೈಡು. ಪ್ರವಾಸಿಗಳ ಮುಂದೆ ಇತಿಹಾಸ ಹೇಳುತ್ತೇನೆ, ಅವರು ಬಸ್ ಹತ್ತಿದ ಮೇಲೆ ಉಳಿದ ಗೈಡುಗಳ ಮುಂದೆ ಆ ಪ್ರವಾಸಿಗಳನ್ನು ಹೇಳುತ್ತೇನೆ. ಎರಡನೆಯದಕ್ಕೇ ಹೆಚ್ಚು ಜನ. ಒಮ್ಮೆ ಕೇರಳದ ಒಬ್ಬ ಮುದುಕಿ, ಕೊರಳಲ್ಲಿ ಸಣ್ಣ ಶಿಲುಬೆ, ಕಲ್ಲಿನ ಮಂಟಪಗಳನ್ನೆಲ್ಲ ನೋಡಿ ಮುಗಿಸಿ ನನ್ನನ್ನು ಕೇಳಿದರು, ಇಲ್ಲಿ ನಮ್ಮವರ ಹಳೆಯದು ಏನಾದರೂ ಇದೆಯೇ ಎಂದು. ನಾನು ತಲೆ ಕೆರೆದುಕೊಂಡೆ. ಮೊದಲಿನ ಕ್ರೈಸ್ತರು ಕಲ್ಲಿನಲ್ಲಿ ಏನನ್ನೂ ಕಟ್ಟಲಿಲ್ಲವಂತೆ. ನೂರಾರು ವರ್ಷ ಯಾರದೋ ಮನೆಯ ಪಡಸಾಲೆಯಲ್ಲೇ ಕೂಡುತ್ತಿದ್ದರಂತೆ. ತೋರಿಸುವುದಕ್ಕೆ ಏನು ಉಳಿದೀತು. ಇಲ್ಲಿ ಎಷ್ಟೋ ಕಂಬಗಳು ನಿಂತಿವೆ, ಪೂಜಿಸಿದವರಿಲ್ಲ. ಅಲ್ಲಿ ಕಂಬವೇ ಇರಲಿಲ್ಲ, ರೊಟ್ಟಿ ಮುರಿದು ತಿಂದವರ ಮೊಮ್ಮಕ್ಕಳು ಮರಿಯಮ್ಮನಹಳ್ಳಿಯಲ್ಲೂ ಇದ್ದಾರೆ. ಇದನ್ನು ಆ ಅಮ್ಮನಿಗೆ ಹೇಳಬೇಕಿತ್ತು. ಹೊಳೆದದ್ದು ಅವರ ಬಸ್ಸು ಕಮಲಾಪುರ ದಾಟಿದ ಮೇಲೆ. ನನ್ನ ಜಾಣತನವೆಲ್ಲ ಇಂಥದ್ದೇ, ಬಸ್ಸು ಹೋದ ಮೇಲಿನದು.

ನಮಗೂ ಕಂಬದ ಆಸೆ ಹುಟ್ಟಿತು ಎನ್ನಿ. ಶೆಡ್ಡಿನಿಂದ ಸ್ವಲ್ಪ ದೂರ, ಹೊಸಪೇಟೆ ಕಡೆಗೆ ಒಂದು ಸಣ್ಣ ಕಟ್ಟಡವಾಯಿತು. ಟೈಲ್ಸು, ಫ್ಯಾನು, ಮೈಕು. ಆರಾಧನೆ ನಡೆಸುವುದಕ್ಕೆ ಆದೋನಿ ಕಡೆಯಿಂದ ಒಬ್ಬ ಯುವ ಅಯ್ಯಗೋರು, ಅಂದರೆ ಪಾದ್ರಿ, ಬಂದರು. ಒಳ್ಳೆಯವರು. ಅವರ ಕನ್ನಡ ಅರ್ಧ ದಾರಿ ಬಂದು ತೆಲುಗಿನಲ್ಲಿ ಇಳಿದುಬಿಡುತ್ತಿತ್ತು. "ಎಲ್ಲಾರೂ ಕುಂದ್ರಂಡಿ, ನಾನು ಚೆಪ್ಪೋದು ಸ್ವಲ್ಪ ಕೇಳಂಡಿ" ಎನ್ನುತ್ತಿದ್ದರು. ನನಗೆ ಹಬ್ಬ. ಅವರು ಬಂದ ಎರಡನೆಯ ವಾರಕ್ಕೇ ನಾನು ಅವರಾಗಿದ್ದೆ.

ಅಯ್ಯಗೋರಿಗೆ ರೊಟ್ಟಿಯದೊಂದು ಕಷ್ಟವಿತ್ತು. ಮುರಿದಾಗ ಚೂರು ಹಾರಿ ಟೈಲ್ಸಿನ ಮೇಲೆ ಬೀಳುತ್ತದೆ, ಪವಿತ್ರವಾದದ್ದನ್ನು ಗುಡಿಸುವುದು ಹೇಗೆ ಎಂಬುದು ಅವರ ಚಿಂತೆ. ಪ್ಯಾಕೆಟ್ಟಿನಲ್ಲಿ ಬಿಲ್ಲೆಗಳು ಬರುತ್ತವೆ, ಗುಂಡಗೆ, ತೆಳ್ಳಗೆ, ಒಂದರಂತೆ ಒಂದು, ಅವನ್ನು ತರಿಸೋಣ ಎಂದರು. ಅಪ್ಪ ಒಪ್ಪಲಿಲ್ಲ. "ಮುರಿದ್ರ ಸಪ್ಪಳ ಆಗ್ಬೇಕಲ್ರಿ ಅಯ್ಯಗೋರೇ" ಎಂದಷ್ಟೇ ಹೇಳಿ ಮಾತು ಮುಂದೆ ಹಾಕಿದರು. ಬಿಲ್ಲೆಯ ಪ್ಯಾಕೆಟ್ಟು ಅಯ್ಯಗೋರ ಚೀಲದಲ್ಲೇ ಉಳಿಯಿತು.

ಹೊಸ ಕಟ್ಟಡದ ಮೊದಲ ಕ್ರಿಸ್ಮಸ್ಸಿಗೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮನರಂಜನೆ ಇತ್ತು. ಮೈಕು ನನ್ನ ಕೈಗೆ ಬಂತು. ಅಪ್ಪನನ್ನು ಮಾಡಿದೆ, ಅಯ್ಯಗೋರನ್ನು ಮಾಡಿದೆ, ಜನ ಬಿದ್ದು ಬಿದ್ದು ನಕ್ಕರು. ಅಯ್ಯಗೋರಂತೂ ಕಣ್ಣೊರೆಸಿಕೊಂಡರು. ಮುಗಿಸಬಹುದಿತ್ತು. ಆದರೆ ನಗೆಯ ರುಚಿ ಹತ್ತಿದವನಿಗೆ ಮುಗಿಸುವುದು ಗೊತ್ತಾಗುವುದಿಲ್ಲ. ನಾನು ನೆಲದ ಮೇಲೆ ಕೂತು ಗಾಳಿಯಲ್ಲಿ ರೊಟ್ಟಿ ಬಡಿಯತೊಡಗಿದೆ.

ಕರುಣವ್ವ ರೊಟ್ಟಿ ಬಡಿಯುವಾಗ ಪ್ರಾರ್ಥಿಸುತ್ತಾಳೆ. ಅದು ಬೇರೆಯವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಯಾಕೆಂದರೆ ಸಣ್ಣವನಿದ್ದಾಗ ಬಿಸಿ ರೊಟ್ಟಿಯ ಆಸೆಗೆ ಶನಿವಾರಗಳೆಲ್ಲ ಅವಳ ಒಲೆಯ ಮುಂದೆಯೇ ಕಳೆದಿದ್ದೆ. ಒಂದೊಂದು ರೊಟ್ಟಿಗೆ ಒಂದೊಂದು ಮನೆ. "ತಂದೀ, ಸಮುವೇಲಪ್ಪನ ಮಣಕಾಲು." ತಟ್ ತಟ್ ತಟ್. "ತಂದೀ, ರತ್ನಿ ಬಾಣಂತನ." ತಟ್ ತಟ್ ತಟ್. ಕ್ರಿಯಾಪದವೇ ಇರುವುದಿಲ್ಲ. ಮಣಕಾಲನ್ನು ಏನು ಮಾಡಬೇಕು ಎಂಬುದು ದೇವರಿಗೆ ಬಿಟ್ಟದ್ದು. ಕೊನೆಗೆ ಉಳಿದ ಹಿಟ್ಟಿನಲ್ಲಿ ಅಂಗೈಯಗಲದ ಒಂದು ಸಣ್ಣ ರೊಟ್ಟಿ. ಅದಕ್ಕೆ ಹೆಸರಿಲ್ಲ. "ತಂದೀ, ನಾ." ಅಷ್ಟೇ.

ಅದನ್ನೆಲ್ಲ ಮೈಕಿನಲ್ಲಿ ಮಾಡಿದೆ. ಆ ನಡುಗುವ ದನಿ, ಆ ಎಳೆಯುವ 'ದೀ', ಮೂಗೊರೆಸಿಕೊಳ್ಳುವುದು. "ತಂದೀ, ಅಯ್ಯಗೋರ ಕನ್ನಡ" ಎಂದು ನನ್ನದೂ ಒಂದು ಸೇರಿಸಿದೆ. ಫ್ಯಾನು ನಿಲ್ಲುವಷ್ಟು ನಗೆ. ಕೊನೆಗೆ ಒಂದು ಗಳಿಗೆ ಸುಮ್ಮನಿದ್ದು, ಎಲ್ಲರನ್ನೂ ನೋಡಿ, "ತಂದೀ, ನಾ" ಎಂದೆ. ಅವತ್ತಿನ ಎಲ್ಲಕ್ಕಿಂತ ದೊಡ್ಡ ನಗೆ ಅದಕ್ಕೇ ಬಂತು. ಮೂರನೆಯ ಸಾಲಿನಲ್ಲಿ ಕರುಣವ್ವ ಸೆರಗು ಬಾಯಿಗೆ ಹಿಡಿದಿದ್ದಳು. ನಗುತ್ತಿದ್ದಾಳೆ ಎಂದುಕೊಂಡೆ.

ಮುಂದಿನ ತಿಂಗಳ ಮೊದಲ ಭಾನುವಾರ ರೊಟ್ಟಿ ಬರಲಿಲ್ಲ. ಕರುಣವ್ವ ಬಂದಳು, ಗಂಟು ಬರಲಿಲ್ಲ. "ಮೈಯಾಗ ಆರಾಮಿಲ್ಲ" ಎಂದಳಂತೆ. ಅಯ್ಯಗೋರು ಚೀಲದಿಂದ ಪ್ಯಾಕೆಟ್ಟು ತೆಗೆದರು. ಬಿಲ್ಲೆ ಸಪ್ಪಳವಿಲ್ಲದೆ ಮುರಿಯಿತು. ತಟ್ಟೆ ಕೈಯಿಂದ ಕೈಗೆ ಬಂದು ಕರುಣವ್ವನ ಹತ್ತಿರ ಬಂತು. ಆಕೆ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿದಳು. ಅದರ ಮುಂದಿನ ತಿಂಗಳೂ ಹಾಗೆಯೇ. ಹೊರಗಿನವರಿಗೆ ಇದು ಸಣ್ಣದಾಗಿ ಕಂಡೀತು. ಅರವತ್ತೆಂಟು ವರ್ಷದ ಬದುಕಿನಲ್ಲಿ ಜ್ವರ ಬಂದಾಗಲೂ ಆ ತಟ್ಟೆ ಬಿಡದವಳು ಕೈ ಹಿಂದೆ ತೆಗೆದರೆ, ನಮ್ಮವರಿಗೆ ಅದು ಮನೆ ಬಿಟ್ಟು ಹೋದ ಹಾಗೆ.

ಊರಿಗೆಲ್ಲ ಕಾರಣ ಗೊತ್ತಾಯಿತು: ಮುದುಕಿಗೆ ಬಿಲ್ಲೆಯ ಮೇಲೆ ಸಿಟ್ಟು. ಸಭೆಯಲ್ಲಿ ಎರಡು ಪಕ್ಷವಾಯಿತು. ರೊಟ್ಟಿಯವರು, ಬಿಲ್ಲೆಯವರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಕೂತು ಚರ್ಚಿಸಿದರು. ಆ ದಿನ ನನಗೆ ತಿಳಿದ ಸಂಗತಿ ಏನೆಂದರೆ, ಮೊದಲಿನ ಸಭೆಯಲ್ಲಿ ಏನೇನು ನಡೆಯುತ್ತಿತ್ತು ಎಂಬುದು ನಮ್ಮೂರಿನ ಪ್ರತಿಯೊಬ್ಬರಿಗೂ ಕಣ್ಣಾರೆ ಕಂಡಷ್ಟು ಚೆನ್ನಾಗಿ ಗೊತ್ತಿದೆ. ಮೊದಲಿನ ಸಭೆಯಲ್ಲಿ ಪ್ಯಾಕೆಟ್ಟು ಇರಲಿಲ್ಲ ಎಂದರು ಒಬ್ಬರು. ಮೊದಲಿನ ಸಭೆಯಲ್ಲಿ ಜೋಳವೂ ಇರಲಿಲ್ಲ ಎಂದರು ಇನ್ನೊಬ್ಬರು. ಮೊದಲಿನ ಸಭೆಯಲ್ಲಿ ಯಾರೂ ಕುರ್ಚಿಯ ಮೇಲೆ ಕೂಡುತ್ತಿರಲಿಲ್ಲ ಎಂದು ಯಾರೋ ಅಪ್ಪನ ಕಡೆ ನೋಡಿ ಹೇಳಿದರು.

"ನಮ್ಮ ಪೌಲನ ಮಣಕಾಲು ಹೆಂಗಿದ್ವು ನಿನಗೇನು ಗೊತ್ತಲೇ" ಎಂದರು ಅಪ್ಪ.

ಅಯ್ಯಗೋರು ಕೈಯೆತ್ತಿ ಸುಮ್ಮನಾಗಿಸಿದರು. "ಮೊದಲಿನ ಸಭೆಯೊಳಗೆ ಮೊದಲನೇ ಜಗಳ ಯಾವುದಕ್ಕಂಡಿ? ಊಟಕ್ಕೇ. ವಿಧವೆಯರಿಗೆ ಸರಿಯಾಗಿ ಬಡಿಸಲಿಲ್ಲ ಅಂತ. ಅವರು ಏನು ಮಾಡಿದರು? ದೊಡ್ಡ ಮಾತು ಬಿಟ್ಟು, ಬಡಿಸೋದಕ್ಕೆ ಏಳು ಜನರನ್ನ ಇಟ್ಟರು. ಅಷ್ಟೇ. ಮನಸ್ಸು ಮುರಿದವರು ಕೂಡಿ ರೊಟ್ಟಿ ಮುರಿಯೋಕೆ ಆಗೋದಿಲ್ಲ. ಮೊದಲು ಯಾರಾದರೂ ಆ ಅಮ್ಮನ ಹತ್ತಿರ ಹೋಗಿ ಕೇಳಂಡಿ."

ಅಷ್ಟು ಉದ್ದದ ಕನ್ನಡವನ್ನು ಅವರು ತಪ್ಪದೆ ಆಡಿದ್ದು ಅದೇ ಮೊದಲು. ಎರಡು 'ಅಂಡಿ' ಬಿಟ್ಟರೆ ನಕಲು ಮಾಡುವುದಕ್ಕೆ ನನಗೇನೂ ಸಿಗಲಿಲ್ಲ.

ನಾನು ಹೊರಗೆ ಬಂದೆ. ಹನುಮಂತಣ್ಣ ಕಟ್ಟೆಯ ಮೇಲೆ ಕೂತು ಊಟಕ್ಕೆ ಕಾಯುತ್ತಿದ್ದ. ಬಿಲ್ಲೆ ಬಂದಾಗಿನಿಂದ ರೊಟ್ಟಿಯೂ ಇಲ್ಲದೆ ಅವನಿಗೆ ಬರೀ ಚಿತ್ರಾನ್ನ.

"ಏನಂತಲೇ ಸೀಮ್ಯಾ ಒಳಗ?"

ಸೀಮೋನ ಎಂದು ನನ್ನ ಹೆಸರು. "ಬಿಲ್ಲಿ ಬ್ಯಾಡ, ರೊಟ್ಟಿ ಬೇಕು ಅಂತ ಜಗಳ ಅಣ್ಣಾ. ದೊಡ್ಡವ್ವಗ ಬಿಲ್ಲಿ ಮ್ಯಾಲೆ ಸಿಟ್ಟು" ಎಂದೆ.

ಅವನು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಯೋಚಿಸಿದ. "ಹಿಂದಿನ ಲಾರಿ ಹಾರ್ನ್ ಹೊಡೀತು ಅಂತ ಮುಂದಿನ ಲಾರಿ ಕೆಟ್ಟ್ ನಿಂತ್ತು ಅಂದಂಗಾತು. ಬಿಲ್ಲಿ ಬಂದದ್ದು ಯಾವಾಗ? ರೊಟ್ಟಿ ನಿಂತ ಮ್ಯಾಲೆ. ರೊಟ್ಟಿ ನಿಂತದ್ದು ಯಾವಾಗ?"

ನಾನು ಕಟ್ಟೆಯ ಮೇಲಿನ ಕೆಂಪು ಧೂಳು ಒರೆಸತೊಡಗಿದೆ.

"ನೀ ಮೈಕಿನ್ಯಾಗ ರೊಟ್ಟಿ ಬಡದ ಮ್ಯಾಲೆ" ಎಂದ. "ನಾ ಹಿಂದ ನಿಂತಿದ್ದೆ. ಎಲ್ಲಾರೂ ನಿನ್ನ ನೋಡಾಕ ಹತ್ತಿದ್ರು. ನಾ ಆಕಿನ್ನ ನೋಡಿದೆ."

ನಿಜ ಹೇಳಬೇಕೆಂದರೆ ಇದು ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಬಿಲ್ಲೆಯ ಪ್ಯಾಕೆಟ್ಟಿನ ಕೆಳಗೆ ಇಟ್ಟುಕೊಂಡಿದ್ದೆ.

ಮುಂದಿನ ಶನಿವಾರ ಹಂಪಿಗೆ ರಜೆ ಹೇಳಿ ಮಧ್ಯಾಹ್ನ ಅವಳ ಮನೆಗೆ ಹೋದೆ. ಕರುಣವ್ವ ಒಲೆಯ ಮುಂದೆ ಕೂತು ತನ್ನೊಬ್ಬಳಿಗೆ ಎರಡು ರೊಟ್ಟಿ ಬಡಿಯುತ್ತಿದ್ದಳು. ಬಾಯಿ ಮುಚ್ಚಿತ್ತು. ತಟ್ ತಟ್ ತಟ್ ಮಾತ್ರ. ಹೆಸರಿಲ್ಲದ ಆ ಸಪ್ಪಳ ಕೇಳಿ ನನಗೆ ಬಾಗಿಲಲ್ಲೇ ವಾಪಸು ಹೋಗಬೇಕೆನ್ನಿಸಿತು.

"ಬಾ. ಕುಂದ್ರು. ತಿಂತೀ?" ಎಂದಳು.

"ದೊಡ್ಡವ್ವಾ, ತಪ್ಪಾತು" ಎಂದೆ.

"ಯಾವ್ದು?"

"ಕ್ರಿಸ್ಮಸ್ಸಿಗೆ ನಿನ್ನ ಮಾಡಿ ನಗಿಸಿದ್ದು."

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಸವರಿದಳು. "ನಕ್ಕರ ನಗ್ಲಿ ಬಿಡು. ಮಂದಿ ನಗಬೇಕು. ನಾ ಸಿಟ್ಟಾಗಿಲ್ಲ" ಎಂದಳು. ನನಗೆ ಹಗುರವಾಯಿತು. ಆದರೆ ಆಕೆ ಮಾತು ಮುಗಿಸಿರಲಿಲ್ಲ. "ಆದ್ರ ಅವತ್ತಿಂದ ಹಿಂಗಾಗೈತಿ. ರೊಟ್ಟಿ ಬಡಿಯಾಕ ಕುಂತು ತಂದೀ ಅಂದ್ರ, ನನ್ನ ದನಿ ಕೇಳಂಗಿಲ್ಲ. ನಿನ್ನ ದನಿ ಕೇಳ್ತೈತಿ. ನೀ ನನ್ನ ಮಾಡ್ತೀಯಲ್ಲ, ಆ ದನಿ. ಅದರ ಹಿಂದ ಮಂದಿ ನಗೋದು ಕೇಳ್ತೈತಿ. ಹಂಗ ಹ್ಯಾಂಗ ಬೇಡ್ಕೊಳ್ಲಿ? ಬೇಡಿಕೊಳ್ಳದ ಬಡದ ರೊಟ್ಟಿ ಹ್ಯಾಂಗ ತರ್ಲಿ? ಬಾಯಿ ಕಟ್ಟಿದ ಮ್ಯಾಲೆ ಆ ತಟ್ಟಿಗೆ ಹ್ಯಾಂಗ ಕೈ ಹಾಕ್ಲಿ?"

ನಾನು ಎಷ್ಟೋ ಜನರ ದನಿ ತೆಗೆದುಕೊಂಡಿದ್ದೇನೆ. ತೆಗೆದುಕೊಂಡರೆ ಅವರಿಗೆ ಕಡಿಮೆಯಾಗುತ್ತದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ.

"ಏನು ಮಾಡ್ಲಿ ಹೇಳು" ಎಂದೆ.

ಆಕೆ ಪಕ್ಕಕ್ಕೆ ಸರಿದು ಹಿಟ್ಟಿನ ಪರಾತವನ್ನು ನನ್ನ ಮುಂದೆ ತಳ್ಳಿದಳು. "ಬಡಿ. ಹೆಸರು ಹೇಳ್ಕೋಂತ ಬಡಿ."

ಕೂತೆ. ಉಂಡೆ ಹಿಡಿದು ತಟ್ಟಿದೆ. "ತಂದೀ" ಎಂದೆ. ಬಂದದ್ದು ಅವಳ ದನಿ, ಪಕ್ಕಾ. ಆಕೆ ಸೌಟಿನಿಂದ ಕೈಮೇಲೆ ಒಂದು ಕೊಟ್ಟಳು. "ಅದು ನಂದು. ಇಡು." ಮತ್ತೆ ಶುರು ಮಾಡಿದೆ. "ಅದು ನಿಮ್ಮಪ್ಪಂದು." ಮತ್ತೆ. "ಅದು ಅಯ್ಯಗೋರ್ದು. ನಿಂದು ತಗೀ."

ನನ್ನದು ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಹಂಪಿಯಲ್ಲಿ ಮಾತಾಡುವುದು ಗೈಡಿನ ದನಿ. ಮನೆಯಲ್ಲಿ ಮಾತಾಡುವುದು ಅಪ್ಪನನ್ನು ರೇಗಿಸುವ ದನಿ. ಪ್ರಾರ್ಥನೆಯ ಸಮಯದಲ್ಲಿ ಎಲ್ಲರ ಜೊತೆ ಬಾಯಿ ಆಡಿಸುವ ದನಿ, ಅದಕ್ಕೆ ಸಪ್ಪಳವೇ ಇಲ್ಲ. ಹಿಟ್ಟು ಅಂಚಿನಲ್ಲಿ ಹರಿಯತೊಡಗಿತು. ಹೊಗೆ ಕಣ್ಣಿಗೆ ಬಂತು. ಆಕೆ ಕಾದಳು. ಕೊನೆಗೆ, ಎಲ್ಲಿಂದಲೋ, ಸಣ್ಣಗೆ, ಮೂಗಿನಿಂದ, ನಡುವೆ ಒಡೆದ ಒಂದು ದನಿ ಹೊರಗೆ ಬಂತು. "ತಂದೀ, ಕರುಣವ್ವನ ದನಿ" ಎಂದಿತು ಅದು.

ಕರುಣವ್ವ ಕಿವಿ ಕೊಟ್ಟು ಕೇಳಿದಳು. "ಇದು ಯಾರ್ದು?"

"ಗೊತ್ತಿಲ್ಲ" ಎಂದೆ.

"ಚಲೋ ಇಲ್ಲ" ಎಂದಳು. "ಇರ್ಲಿ."

ನನ್ನ ರೊಟ್ಟಿ ಮೂರು ಕಡೆ ಹರಿದು ಸಂಡೂರು ತಾಲ್ಲೂಕಿನ ನಕ್ಷೆಯಂತಾಗಿತ್ತು. ಅದನ್ನು ಹಂಚಿಗೆ ಹಾಕಿ ಆಕೆ ಪರಾತ ತನ್ನ ಕಡೆಗೆ ಎಳೆದುಕೊಂಡು ಇನ್ನಷ್ಟು ಹಿಟ್ಟು ಕಲಸಿದಳು. ಒಂದು ರೊಟ್ಟಿ ಸುಮ್ಮನೆ ಬಡಿದಳು. ಎರಡನೆಯದನ್ನೂ ಸುಮ್ಮನೆ ಬಡಿದಳು. ನಾನು ಬಾಗಿಲ ಹೊರಗೆ ನೋಡುತ್ತ ಕೂತೆ. ಓಣಿಯಲ್ಲಿ ಒಂದು ಮೇಕೆ ಯಾರದೋ ಲುಂಗಿ ತಿನ್ನುತ್ತಿತ್ತು, ಅದರಲ್ಲೇ ಆಸಕ್ತಿ ಇದ್ದವನಂತೆ ನೋಡಿದೆ. ಮೂರನೆಯ ಉಂಡೆಗೆ ಹಿಂದಿನಿಂದ ಕೇಳಿತು.

"ತಂದೀ, ಸಮುವೇಲಪ್ಪನ ಮಣಕಾಲು."

ನಾನು ತಿರುಗಲಿಲ್ಲ. ಹೆಸರುಗಳು ಮುಗಿಯುವ ಮೊದಲೇ, ಆ ಸಣ್ಣ ರೊಟ್ಟಿಗೆ ಬರುವ ಮೊದಲೇ, ಎದ್ದು ಹೊರಗೆ ಬಂದೆ. ಅದನ್ನು ಒಮ್ಮೆ ಮಂದಿಗೆಲ್ಲ ಕೇಳಿಸಿದ್ದೇ ಸಾಕಾಗಿತ್ತು.

ಮರುದಿನ ಮೊದಲ ಭಾನುವಾರ. ಬಿಳಿ ಬಟ್ಟೆಯ ಗಂಟು ಮೇಜಿನ ಮೇಲಿತ್ತು. ಎಲ್ಲಕ್ಕಿಂತ ಮೇಲೆ ಆಕೆ ಬೇಕೆಂದೇ ನನ್ನ ನಕ್ಷೆಯನ್ನು ಇಟ್ಟಿದ್ದಳು. ಅಯ್ಯಗೋರು ಅದನ್ನು ಎತ್ತಿ ಹಿಡಿದು ಅತ್ತ ಇತ್ತ ತಿರುಗಿಸಿ, ಯಾವ ಕಡೆಯಿಂದ ಮುರಿಯಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತರು. ಆಮೇಲೆ ಮುರಿದರು. ಟಪ್. ಹೊಸ ಗೋಡೆಗೆ ಬಡಿದು ಆ ಸಪ್ಪಳ ಶೆಡ್ಡಿನಲ್ಲಿ ಕೇಳುತ್ತಿದ್ದುದಕ್ಕಿಂತ ಜೋರಾಗಿ ಕೇಳಿತು. ಚೂರುಗಳು ಟೈಲ್ಸಿನ ಮೇಲೆ ಹಾರಿದವು. ಅಯ್ಯಗೋರು ಅವನ್ನು ನೋಡಿದರು, ಮುಂದುವರಿದರು. ತಟ್ಟೆ ಕೈಯಿಂದ ಕೈಗೆ ಹೋಯಿತು. ನಾನು ಕಣ್ಣು ಮುಚ್ಚಬೇಕಾದ ಹೊತ್ತಿನಲ್ಲಿ ಮುಚ್ಚಲಿಲ್ಲ. ಕರುಣವ್ವ ತೆಗೆದುಕೊಂಡಳು.

ಹೊರಗೆ ಬಂದಾಗ ಹನುಮಂತಣ್ಣ ಕಟ್ಟೆಯಿಂದ ಇಳಿದು ಕೈ ತೊಳೆಯುತ್ತಿದ್ದ. "ಕೇಳಿಸ್ತು" ಎಂದ. "ಪಲ್ಯ ಏನೈತಿ?"

ಬಿಲ್ಲೆಯ ಪ್ಯಾಕೆಟ್ಟು ಈಗಲೂ ಅಯ್ಯಗೋರ ಚೀಲದಲ್ಲಿದೆ, ಆಪತ್ಕಾಲಕ್ಕೆ. ಚೂರುಗಳ ಸಮಸ್ಯೆಯನ್ನು ಅಪ್ಪ ಬಗೆಹರಿಸಿದರು: ಮೇಜಿನ ಕೆಳಗೆ ಹಾಸುವುದಕ್ಕೆ ಒಂದು ತಾಡಪತ್ರಿ ಹೊಲಿದುಕೊಟ್ಟರು. ಮೊದಲಿನ ಸಭೆಯಲ್ಲಿ ಹೀಗೇ ಇತ್ತು ಎಂದು ಈಗ ಎಲ್ಲರಿಗೂ ಹೇಳುತ್ತಾರೆ. ನಮ್ಮ ಪೌಲನೇ ಹೊಲಿದದ್ದಂತೆ.

ಹೋದ ಕ್ರಿಸ್ಮಸ್ಸಿಗೆ ಮತ್ತೆ ಮೈಕು ಬಂತು. ಅಪ್ಪನನ್ನು ಮಾಡಿದೆ, ಅಯ್ಯಗೋರನ್ನು ಮಾಡಿದೆ, ಹನುಮಂತಣ್ಣ ಲೋಡಿಂಗ್ ಪಾಳಿ ಕೇಳುವುದನ್ನು ಮಾಡಿದೆ. ಅಲ್ಲಿಗೆ ನಿಲ್ಲಿಸಿದೆ. ಮೂರನೆಯ ಸಾಲಿನಿಂದ ಕರುಣವ್ವನೇ ಕೂಗಿದಳು, "ನಂದೂ ಮಾಡಲೇ ಸೀಮ್ಯಾ. ಯಾಕ, ಹೆದರಿಕಿ ಏನು?"

ಆಕೆಯೇ ಹೇಳಿದ ಮೇಲೆ ಬಿಡುವ ಹಾಗಿರಲಿಲ್ಲ. ನೆಲಕ್ಕೆ ಕೂತೆ. ಗಾಳಿಯಲ್ಲಿ ಮೂರು ಸಲ ಬಡಿದೆ. ಜನ ಮುಂದಾಗಿಯೇ ನಗುವುದಕ್ಕೆ ಬಾಯಿ ತೆರೆದು ಕಾದರು. "ತಂದೀ" ಎಂದೆ. ನಡುಗುವ ದನಿಯನ್ನು ಎಳೆದೆ, ಬರಲಿಲ್ಲ. ಮತ್ತೊಮ್ಮೆ ಎಳೆದೆ. ಮೈಕಿನಲ್ಲಿ ಬಂದದ್ದು ಅದೇ ಸಣ್ಣ, ಮೂಗಿನ, ಒಡೆದ ದನಿ.

ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ಯಾರ್ದಲೇ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಕರುಣವ್ವ ತಿರುಗಿ ನೋಡದೆ ಹೇಳಿದಳು.

"ಅವಂದ."